ಪುರಸು ನರಿಯ ಹಡಗಿನ ತಳ

ನದಿ ಹೋಗಿ ಕಡಲು ಸೇರುವ ಕಡೆ ಒಂದು ಕಾಂಡ್ಲಾ ಕಾಡಿತ್ತು. ಅಲ್ಲಿಯ ಮರಗಳು ಉಪ್ಪುನೀರಿನಲ್ಲೇ ಬೇರುಬಿಟ್ಟು ನಿಂತಿದ್ದವು. ಬೇರುಗಳ ಸಂದಿಯಲ್ಲಿ ಏಡಿ, ಸಿಗಡಿ, ಮೀನುಮರಿ. ಕೊಂಬೆಗಳಲ್ಲಿ ಕಡಲಹಕ್ಕಿಗಳ ಗೂಡು. ಆ ಕಾಡಿನ ಪ್ರಾಣಿಗಳು ಎದುರಿನ ದ್ವೀಪದ ಜೊತೆ ವ್ಯಾಪಾರ ಮಾಡುತ್ತಿದ್ದವು. ಜೇನು, ಉಪ್ಪು, ತೆಂಗಿನಕಾಯಿ ಹೊತ್ತ ಹಡಗುಗಳು ಹೋಗುತ್ತ ಬರುತ್ತ ಇದ್ದವು. ಎಲ್ಲವೂ ಎಣ್ಣೆ ಉರಿಸಿ ಓಡುವ ಹಡಗುಗಳು.

ಹಡಗು ಹೆಚ್ಚಿದಂತೆ ಹೊಗೆಯೂ ಹೆಚ್ಚಿತು. ನೀರಿನ ಮೇಲೆ ಎಣ್ಣೆ ತೇಲತೊಡಗಿತು. ಸಿಗಡಿ ಸಿಗದಾಯಿತು. ಆಗ ಕಾಡಿಗೆಲ್ಲ ಹಿರಿಯಳಾದ ಆಮೆಯಜ್ಜಿ ಎಲ್ಲರನ್ನೂ ಸೇರಿಸಿ ಒಂದು ಕಾನೂನು ಮಾಡಿದಳು.

"ದಡ ಕಂಡ ಮೇಲೆ ಯಾರೂ ಕಪ್ಪು ಹೊಗೆ ಕಾರುವ ಗಸಿ ಎಣ್ಣೆ ಉರಿಸಬಾರದು, ತಿಳಿ ಎಣ್ಣೆಯನ್ನೇ ಉರಿಸಬೇಕು. ಹಡಗಿನೊಳಗೆ ಸೇರಿದ ಕೊಳೆ ಎಣ್ಣೆನೀರನ್ನು ಕಡಲಿಗೆ ಬಿಡಬಾರದು, ದಡದ ಹೊಂಡಕ್ಕೆ ಹೊತ್ತು ತಂದು ಸುರಿಯಬೇಕು. ತಪ್ಪಿದವರ ಹಡಗಿಗೆ ಈ ದಡದಲ್ಲಿ ಜಾಗವಿಲ್ಲ."

ಎಲ್ಲರೂ ತಲೆಯಾಡಿಸಿದರು. ಅಳಿವೆಯ ಬಾಯಲ್ಲಿ ನಿಂತು ಹಡಗುಗಳ ತಪಾಸಣೆ ಮಾಡುವ ಕೆಲಸ ಸೋಮಿ ಎಂಬ ನೀರುನಾಯಿಗೆ ಬಂತು. ಮುಳುಗಿ ಹಡಗಿನ ತಳ ನೋಡಿ ಬರಲು ಅವಳಿಗಿಂತ ತಕ್ಕವರು ಯಾರಿದ್ದರು?

ಆದರೆ ಅಂದು ತಲೆಯಾಡಿಸಿದವರೇ ತಮ್ಮ ಹಡಗು ನಿಂತಾಗ ಮುಖ ಸಿಂಡರಿಸಿದರು. ಕೊಳೆನೀರು ಹೊತ್ತು ಸುರಿಯುವುದೆಂದರೆ ಅರ್ಧ ದಿನದ ಕೆಲಸ. "ಜೇನು ಇಳಿಸುವುದು ಬಿಟ್ಟು ಕೊಳೆ ಇಳಿಸಬೇಕಂತೆ!" ಎಂದು ಕಾಡುಹಂದಿ ಗೊಣಗಿದ. ಕೋತಿಗಳು ಸೋಮಿಯನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದವು. ಕೊನೆಗೆ ಅವಳ ಸ್ವಂತ ತಂಗಿಯೇ, "ಅಕ್ಕಾ, ನಿನ್ನಿಂದ ನಾವೂ ಮಾತು ಕೇಳಬೇಕಾಗಿದೆ. ಸ್ವಲ್ಪ ದೂರವೇ ಇರು," ಎಂದುಬಿಟ್ಟಳು.

ನೀರುನಾಯಿಗಳು ಗುಂಪು ಬಿಟ್ಟು ಬದುಕುವ ಜಾತಿಯಲ್ಲ. ಒಟ್ಟಿಗೆ ಬೇಟೆ, ಒಟ್ಟಿಗೆ ಊಟ, ಒಟ್ಟಿಗೆ ನಿದ್ದೆ. ಸೋಮಿ ಮಾತ್ರ ತಾನು ಕಾವಲು ನಿಲ್ಲುವ ಬಂಡೆಯ ಮೇಲೆ ಒಬ್ಬಳೇ ಕೂತು ತಿನ್ನುತ್ತಿದ್ದಳು. ತನ್ನವರು ನೀರಾಟವಾಡುವ ಸದ್ದು ಗಾಳಿಯಲ್ಲಿ ತೇಲಿ ಬಂದರೆ ಅತ್ತ ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಹೋಗಬೇಕೆನಿಸುತ್ತಿತ್ತು.

ಇದನ್ನು ಪುರಸು ಎಂಬ ನರಿ ಗಮನಿಸಿದ. ಕಾಡಿನಲ್ಲೇ ದೊಡ್ಡ ಹಡಗು ಅವನದು. ಮುಂದಿನ ಸಲ ದ್ವೀಪದಿಂದ ಬಂದವನೇ ಬಂಡೆಯ ಪಕ್ಕ ಹಡಗು ನಿಲ್ಲಿಸಿ, "ಸೋಮಕ್ಕಾ, ಊಟ ಆಯ್ತಾ?" ಎಂದು ಕೇಳಿದ.

ಸೋಮಿ ಬಂಡೆಯ ಅಂಚಿಗೆ ಸರಿದು ಬಂದಳು. ಯಾರಾದರೂ ಹಾಗೆ ಕೇಳಿ ಎಷ್ಟು ಕಾಲವಾಗಿತ್ತು!

ಪುರಸು ಒಂದು ಕೊಡ ಕೊಳೆನೀರನ್ನು ತಂದು ಅವಳ ಕಣ್ಣೆದುರೇ ಹೊಂಡಕ್ಕೆ ಸುರಿದ.

"ಇಷ್ಟೇನಾ, ಪುರಸಣ್ಣಾ? ಇಷ್ಟು ದೊಡ್ಡ ಹಡಗು!"

"ಒಳ್ಳೆ ಎಣ್ಣೆ ಹಾಕಿದರೆ ಕೊಳೆ ಎಲ್ಲಿಂದ ಬರಬೇಕು? ಈ ತಣ್ಣೀರಲ್ಲಿ ಯಾಕೆ ಮುಳುಗುತ್ತೀ? ಬಾ, ಕೂತು ಮಾತಾಡೋಣ. ನನಗೂ ಯಾರಿದ್ದಾರೆ ಹೇಳು."

ಸೋಮಿ ಮುಳುಗಲಿಲ್ಲ. ಆಮೇಲೂ ಅವನ ಹಡಗಿನ ತಳ ನೋಡಲಿಲ್ಲ. ಅವನು ದ್ವೀಪದ ಸುದ್ದಿ ಹೇಳುತ್ತಿದ್ದ, ಅವಳು ನಗುತ್ತಿದ್ದಳು. ಅವನ ಹಡಗು ದೂರದಲ್ಲಿ ಕಂಡರೆ ಸಾಕು, ಮೀಸೆ ತೀಡಿಕೊಂಡು ಕಾಯುತ್ತಿದ್ದಳು.

ಬೇಸಿಗೆ ಬರುವ ಹೊತ್ತಿಗೆ ಮರಗಳ ಬೇರಿಗೆ ಕಪ್ಪು ಜಿಡ್ಡು ಮೆತ್ತಿಕೊಂಡಿತು. ಎಲೆಗಳ ಮೇಲೆ ಮಸಿ ಕೂತಿತು. ಒಂದು ಬೆಳಿಗ್ಗೆ ಗೌರು ಎಂಬ ಕಡಲಹಕ್ಕಿ ತನ್ನ ಮರಿಯನ್ನು ತಂದು ಬಂಡೆಯ ಮೇಲೆ ಇಟ್ಟಳು. ಮರಿಯ ರೆಕ್ಕೆಗಳು ಎಣ್ಣೆಯಲ್ಲಿ ಅಂಟಿಹೋಗಿದ್ದವು.

"ಹಡಗುಗಳನ್ನೆಲ್ಲ ನೀನೇ ನೋಡಿ ಬಿಡುವುದಲ್ಲವಾ?" ಎಂದಳು ಗೌರು. "ಹಾಗಾದರೆ ಇದು ಎಲ್ಲಿಂದ ಬಂತು?"

ಸೋಮಿ ಅಂಟುವಾಳದ ಕಾಯಿ ಜಜ್ಜಿ ನೊರೆ ಮಾಡಿ ಮರಿಯನ್ನು ತೊಳೆದಳು. ತೊಳೆಯುತ್ತಿದ್ದಂತೆಯೇ ಅದು ಅವಳ ಕೈಯಲ್ಲಿ ತಣ್ಣಗಾಯಿತು. ಗೌರು ಬೈಯಲಿಲ್ಲ. ಸುಮ್ಮನೆ ಹಾರಿಹೋದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸೋಮಿಗೆ. ಏಕೆಂದರೆ ಗೌರು ಕೇಳಿದ್ದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು. ಅದು ಕಣ್ಣಿಗೆ ಬೀಳದಿರಲಿ ಎಂದೇ ಅವಳು ಇಷ್ಟು ದಿನ ಪುರಸುವಿನ ಹಡಗಿನ ಕೆಳಗೆ ಮುಳುಗಿರಲಿಲ್ಲ.

ಅಂದು ಮಧ್ಯಾಹ್ನ ಪುರಸುವಿನ ಹಡಗು ಬಂತು. "ಸೋಮಕ್ಕಾ, ಊಟ ಆಯ್ತಾ?"

ಸೋಮಿ ನೀರಿಗೆ ಧುಮುಕಿದಳು. ಹಡಗಿನ ತಳದಲ್ಲಿ, ಕೊಳೆ ತುಂಬುವ ತೊಟ್ಟಿಯ ಕೆಳಗೆ, ಒಂದು ತೂತಿತ್ತು. ತೂತಿಗೆ ಮರದ ಬಿರಟೆ ಇತ್ತು. ಅದರ ಸುತ್ತ ಎಣ್ಣೆ ಜಿನುಗುತ್ತಿತ್ತು. ದಾರಿಯಲ್ಲೇ ಬಿರಟೆ ಎಳೆದು ಕೊಳೆಯನ್ನೆಲ್ಲ ಕಡಲಿಗೆ ಬಿಡುತ್ತಿದ್ದ ಪುರಸು. ದಡ ಕಂಡ ಮೇಲೂ ಗಸಿ ಎಣ್ಣೆಯನ್ನೇ ಉರಿಸುತ್ತ ಬಂದು, ಸೋಮಿಯ ಬಂಡೆ ಕಾಣುತ್ತಲೇ ತಿಳಿ ಎಣ್ಣೆಗೆ ಬದಲಿಸುತ್ತಿದ್ದುದೂ ಅವನೇ.

ಸೋಮಿ ಮೇಲೆ ಬಂದಳು. "ತಳದಲ್ಲಿ ತೂತಿದೆ, ಪುರಸಣ್ಣಾ."

ಪುರಸು ದನಿ ತಗ್ಗಿಸಿದ. "ಇದ್ದರೇನೀಗ? ನೀನು ಹೇಳದಿದ್ದರೆ ಯಾರಿಗೆ ಗೊತ್ತಾಗಬೇಕು? ಹೇಳಿದರೆ ನಿನ್ನ ಜೊತೆ ಮಾತಾಡುವವರು ಯಾರು ಉಳಿಯುತ್ತಾರೆ, ಯೋಚಿಸು."

ಸೋಮಿ ಯೋಚಿಸಿದಳು. "ಯಾರೂ ಇಲ್ಲ," ಎಂದಳು. ಆಮೇಲೆ ಕಾಡಿಗೆಲ್ಲ ಕೇಳುವಂತೆ ಕೂಗು ಹಾಕಿದಳು.

ನಾಲ್ಕೂ ಕಡೆಯಿಂದ ಪ್ರಾಣಿಗಳು ಓಡಿ ಬಂದವು. ಪುರಸು ತಪ್ಪಿಸಿಕೊಳ್ಳಲು ಹಡಗಿನಿಂದ ಮರದ ಬೇರುಗಳ ಮೇಲೆ ಹಾರಿದ. ಬೇರಿಗೆ ಅವನೇ ಬಿಟ್ಟ ಜಿಡ್ಡು ಮೆತ್ತಿತ್ತು. ಕಾಲು ಸರ್ರನೆ ಜಾರಿತು. ದೊಪ್ಪೆಂದು ಕೆಸರಿಗೆ ಬಿದ್ದ. ಹಿಡಿಯಹೋದ ಬೇರುಗಳೆಲ್ಲ ಕೈಯಿಂದ ಜಾರಿದವು. ಕುತ್ತಿಗೆಯವರೆಗೂ ಹೂತುಹೋಗಿ, "ಸೋಮಕ್ಕಾ! ಸೋಮಕ್ಕಾ!" ಎಂದು ಅರಚಿದ.

ಸೋಮಿಯೇ ಇಳಿದು ಅವನನ್ನು ಎಳೆದು ಹಾಕಿದಳು.

ಆಮೆಯಜ್ಜಿ ತೂತನ್ನು ನೋಡಿ ಬಂದು ತೀರ್ಪು ಹೇಳಿದಳು. ಪುರಸುವಿನ ಹಡಗಿಗೆ ಇನ್ನು ಆ ದಡದಲ್ಲಿ ಜಾಗವಿಲ್ಲ. ಬೇರಿಗೆ ಮೆತ್ತಿದ ಜಿಡ್ಡನ್ನೆಲ್ಲ ಅವನೇ ಉಜ್ಜಿ ತೆಗೆಯಬೇಕು.

"ಅಜ್ಜೀ, ಇವನ ಹಡಗಿನ ತಳವನ್ನು ನಾನು ನೋಡುತ್ತಲೇ ಇರಲಿಲ್ಲ," ಎಂದಳು ಸೋಮಿ.

ಅಜ್ಜಿ ಅವಳನ್ನೇ ನೋಡಿದಳು. "ಇನ್ನು ನೋಡುತ್ತೀಯಾ?"

"ನೋಡುತ್ತೇನೆ."

ಎಲ್ಲರೂ ಹೋದ ಮೇಲೆ ಸೋಮಿ ಪುರಸುವಿನ ಮೈಯ ಎಣ್ಣೆಯನ್ನು ತೊಳೆದಳು. ಕೊನೆಗೆ ಪುರಸು, "ನಿನ್ನ ಜೊತೆ ಆಡಿದ ಮಾತೆಲ್ಲ ಸುಳ್ಳಲ್ಲ, ಸೋಮಕ್ಕಾ," ಎಂದ.

"ಇರಬಹುದು," ಎಂದಳು ಸೋಮಿ. ನಂಬಬೇಕೆಂದು ಅವಳಿಗೆ ತುಂಬ ಆಸೆಯಿತ್ತು.

ಮರುದಿನ ಒಂದು ಮುಳ್ಳುಹಂದಿಯ ಹಡಗು ಬಂತು. ಸೋಮಿ ಮುಳುಗಿ, ತಳ ನೋಡಿ ಎದ್ದಳು.

"ನೋಡಿ ಆಯಿತಲ್ಲ? ಬಿಡಮ್ಮ, ಹೊತ್ತಾಯಿತು," ಎಂದ ಮುಳ್ಳುಹಂದಿ.

"ಇನ್ನೊಂದು ಸಲ ನೋಡುತ್ತೇನೆ," ಎಂದು ಸೋಮಿ ಮತ್ತೆ ತಣ್ಣೀರಿಗೆ ಇಳಿದಳು.

ನೀತಿ: ಎಲ್ಲರ ನೀರನ್ನೂ ಗಾಳಿಯನ್ನೂ ಕಾಯುವ ಕಾನೂನಿಗೆ ಗೆಳೆತನದ ಮುಲಾಜು ಸಲ್ಲದು, ಅದನ್ನು ಕದ್ದು ಮೀರಿದವನು ತಾನು ಚೆಲ್ಲಿದ ಕೊಳೆಯಲ್ಲೇ ಜಾರಿ ಬೀಳುತ್ತಾನೆ.