ಮೊಲದ ಉಪವಾಸ

ನಮ್ಮ ನೇಕಾರರ ಓಣಿಯ ತುದಿಯಲ್ಲಿ ಈಗ ಕಲ್ಲಿನ ಕಟ್ಟಡವಾಗಿ ನಿಂತಿರುವ ಮಗ್ಗದ ಮಠವನ್ನು ನೋಡಿದವರಿಗೆ, ಅದೊಂದು ಕಾಲಕ್ಕೆ ಮಣ್ಣಿನ ಮಾಳಿಗೆಯ ಒಂದೇ ಕೋಣೆಯಾಗಿತ್ತೆಂದರೆ ನಂಬಿಕೆ ಬರುವುದಿಲ್ಲ. ಪರಮಪೂಜ್ಯ ಶ್ರೀ ಮೌನಲಿಂಗ ಸ್ವಾಮಿಗಳು ನಮ್ಮೂರಿಗೆ ದಯಮಾಡಿಸಿದಾಗ ಮುದುಕ ನೇಕಾರನೊಬ್ಬ ತನ್ನ ಮಗ್ಗದ ಮನೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದ. ಮಗ್ಗ ಹೋಗಿತ್ತು, ನೇಯುವವನು ಕಾಲು ಇಳಿಬಿಡುವ ಕುಣಿ ಹಾಗೇ ಉಳಿದಿತ್ತು. ಪೂಜ್ಯರು ಆ ಕುಣಿಯ ಅಂಚಿಗೆ ಗೋಣಿತಟ್ಟು ಹಾಸಿಕೊಂಡು ಕಾಲು ಇಳಿಬಿಟ್ಟು ಕೂಡುತ್ತಿದ್ದರು. "ಒಂದು ಗದ್ದುಗಿ ಮಾಡಸೂಣ್ರಿ ಅಜ್ಜಾರ" ಎಂದು ಭಕ್ತರು ಕೇಳಿಕೊಂಡರೆ, "ಮೊಣಕಾಲಿಗೆ ಇದ ಚಲೋ ಐತಿ" ಎಂದು ನಗುತ್ತಿದ್ದರು. ಅದಕ್ಕಿಂತ ಹೆಚ್ಚು ಮಾತು ಅವರಿಂದ ಹೊರಡಿಸುವುದು ಕಷ್ಟವಿತ್ತು.

ಐವತ್ತು ವರ್ಷದ ಹಿಂದಿನ ಮಾತು. ಆಗ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ನೌಕರಿಗೆ ಸೇರಿದ್ದೆ. ಓಣಿಯವರಿಗೆಲ್ಲ ನಾನು ಅಕ್ಕೋರು. ಬೆಳಗಾದರೆ ಮಗ್ಗದ ಲಟಕ್ ಪಟಕ್ ಸದ್ದು, ಬಾಗಿಲ ಮುಂದೆ ಒಣಹಾಕಿದ ಕೆಂಪು ಹಸಿರು ನೂಲು, ಸಂಜೆಗೆ ಕಟ್ಟೆಯ ಮೇಲೆ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತುವ ಹೆಂಗಸರ ಹರಟೆ. ಆ ಓಣಿಯನ್ನು ನೆನೆದರೆ ಇಂದಿಗೂ ಮೂಗಿಗೆ ಗಂಜಿ ಹಾಕಿದ ನೂಲಿನ ವಾಸನೆ ಬರುತ್ತದೆ. ಈಗ ಹೇಳಹೊರಟ ಪ್ರಸಂಗದಲ್ಲಿ ನನ್ನದೂ ಒಂದು ದೊಡ್ಡ ತಪ್ಪಿದೆ. ಬೇರೆಯವರು ಹೇಳುವ ಮೊದಲೇ ನಾನೇ ಹೇಳಿಬಿಡುವುದು ವಾಸಿ.

ನಮ್ಮ ಮನೆಯ ಗೋಡೆಗೆ ಗೋಡೆ ತಾಗಿದ್ದ ಮನೆ ಫಕ್ಕೀರಪ್ಪನವರದು. ದನದ ದವಾಖಾನೆಯಲ್ಲಿ ಕಂಪೌಂಡರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ದೇವರು ದಿಂಡರೆಂದರೆ ಆಗುತ್ತಿರಲಿಲ್ಲ. "ದುಡಿಲಾರದವರು ಕಾವಿ ಉಟಗೋತಾರ" ಎಂದು ಮಠದ ಮುಂದೆಯೇ ಹೇಳಿಹೋಗುವ ಮನುಷ್ಯ. ಅವರ ಹೆಂಡತಿ ಸಂಗವ್ವ ಅದಕ್ಕೆ ತದ್ವಿರುದ್ಧ, ಸಕ್ಕರೆಯಂಥ ಸ್ವಭಾವ. ಮಕ್ಕಳಾಗಿರಲಿಲ್ಲ. ಸಂತೆಯಲ್ಲಿ ಯಾರೋ ಬುಟ್ಟಿಯಲ್ಲಿಟ್ಟು ಮಾರುತ್ತಿದ್ದ ಬಿಳಿ ಮೊಲದ ಮರಿಯೊಂದನ್ನು ತಂದು ಸಾಕಿಕೊಂಡಿದ್ದರು. ಹಿಂಜಿದ ಹತ್ತಿಯ ಅರಳೆಯಂತೆ ಇದ್ದುದರಿಂದ ಅದಕ್ಕೆ ಅರಳಿ ಎಂದೇ ಹೆಸರು. "ದನದ ಕಂಪೌಂಡರ್ ಮನ್ಯಾಗ ಇಲಿ ಸಾಕ್ಯಾಳ" ಎಂದು ಫಕ್ಕೀರಪ್ಪನವರು ಹಂಗಿಸುತ್ತಿದ್ದರು. ಹೆಂಡತಿ ನೋಡದಾಗ ಅದರ ಕಿವಿ ಸವರುತ್ತಿದ್ದುದನ್ನು ನಾನು ಗೋಡೆಯ ಮೇಲಿಂದ ನೋಡಿದ್ದೇನೆ.

ಆ ವರ್ಷ ಕಾರಹುಣ್ಣಿಮೆಯ ಮರುದಿನ ಸಂಗವ್ವ ತೀರಿಕೊಂಡರು. ಮೂರೇ ದಿನದ ಜ್ವರ. ಫಕ್ಕೀರಪ್ಪನವರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಐದನೆಯ ದಿನಕ್ಕೇ ಸೈಕಲ್ ಹತ್ತಿ ಕೆಲಸಕ್ಕೆ ಹೋದರು. ಅಂದಿನಿಂದ ಮನೆಯ ಒಲೆ ಹೊತ್ತಲಿಲ್ಲ. ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲಿ ನಿಂತೇ ಎರಡು ರೊಟ್ಟಿ ತಿಂದು ಬರುತ್ತಿದ್ದರು. ಮೊಲದ ನೆನಪು ಅವರಿಗಿರಲಿಲ್ಲವೋ, ಅಥವಾ ಅದರತ್ತ ನೋಡಲು ಧೈರ್ಯವಿರಲಿಲ್ಲವೋ, ಶಿವನೇ ಬಲ್ಲ. ಪಾಪ ಎಂದು ನಾನು, ಓಣಿಯ ಇನ್ನಷ್ಟು ಹೆಂಗಸರು ಅದಕ್ಕೆ ಮನೆಯಲ್ಲಿ ಕೈಗೆ ಸಿಕ್ಕದ್ದನ್ನು ಹಾಕುತ್ತಿದ್ದೆವು. ಚಪಾತಿ, ಬೆಲ್ಲ, ಗೋಧಿಯ ಸಿಹಿ ಮಾದಲಿ, ಬಾಳೆಹಣ್ಣು. ತಾಯಿ ಇಲ್ಲದ ಕೂಸಿಗೆ ಸಿಹಿ ತಿನ್ನಿಸಿದಷ್ಟು ಸಮಾಧಾನ ನಮಗೆ.

ಶ್ರಾವಣದ ಎರಡನೆಯ ಸೋಮವಾರ. ಫಕ್ಕೀರಪ್ಪನವರು ದನಗಳಿಗೆ ಚುಚ್ಚುಮದ್ದು ಹಾಕಲು ಹಳ್ಳಿಗಳ ಮೇಲೆ ಹೋಗಿದ್ದರು. ಬೆಳಿಗ್ಗೆ ನಾನು ಬೆಲ್ಲ ಹಿಡಿದುಕೊಂಡು ಹೋದರೆ ಅರಳಿ ಮುಖ ತಿರುಗಿಸಿತು. ಚಪಾತಿ ಕೊಟ್ಟೆ, ಬಾಳೆಹಣ್ಣು ಕೊಟ್ಟೆ, ಒಲ್ಲೆ ಎಂದಿತು. ಮೂಲೆಯಲ್ಲಿ ಮುದುಡಿ ಕಣ್ಣು ಅರೆಮುಚ್ಚಿ ಕೂತಿತ್ತು. ಆಗ ನನ್ನ ಬಾಯಿಂದ ಆ ಮಾತು ಬಂತು. "ಅಯ್ಯ, ಇವತ್ತ ಸೋಮವಾರಲ್ಲ! ಅರಳಿನೂ ಉಪವಾಸ ಹಿಡದೈತಿ."

ಅಷ್ಟೇ ಸಾಕಾಯಿತು. ಮಧ್ಯಾಹ್ನದೊಳಗೆ ಓಣಿಯ ಹೆಂಗಸರೆಲ್ಲ ಸೇರಿದರು. ಸಂಗವ್ವ ಹದಿನಾರು ಸೋಮವಾರದ ವ್ರತ ಹಿಡಿದವಳು, ಅರ್ಧಕ್ಕೇ ಹೋದಳು, ಉಳಿದದ್ದನ್ನು ಮೊಲ ನಡೆಸುತ್ತಿದೆ ಎಂದು ಒಬ್ಬಳು ಅಂದಳು. ಕೇಳಿದವರಿಗೆಲ್ಲ ಕಣ್ಣೀರು. ಮೊಲದ ಹಣೆಗೆ ವಿಭೂತಿ ಬಂತು, ಕೊರಳಿಗೆ ಸೇವಂತಿಗೆಯ ಮಾಲೆ ಬಂತು, ಕಾಯಿ ಒಡೆದು ಆರತಿಯೂ ಆಯಿತು. ಮಂಗಳವಾರ ಬೆಳಗಾದರೂ ಅದು ಏನೂ ಮುಟ್ಟಲಿಲ್ಲ. ನಮ್ಮ ಭಕ್ತಿ ಇನ್ನಷ್ಟು ಏರಿತು. ನೌಕರಿ ಮಾಡುವ, ನಾಲ್ಕು ಅಕ್ಷರ ಕಲಿತ ನಾನು ಎಲ್ಲರಿಗಿಂತ ಮುಂದೆ ನಿಂತು ಕೈ ಮುಗಿದಿದ್ದೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಹತ್ತು ಗಂಟೆಗೆ ಫಕ್ಕೀರಪ್ಪನವರು ಬಂದರು. ಮನೆ ತುಂಬ ಹೆಂಗಸರು, ಊದಿನಕಡ್ಡಿಯ ಹೊಗೆ, ನಡುವೆ ಮಾಲೆ ಹಾಕಿಕೊಂಡ ಮೊಲ. ಬಗ್ಗಿ ಅದರ ಕಿವಿ ಮುಟ್ಟಿದರು. ತಣ್ಣಗಿತ್ತು. ಹೊಟ್ಟೆ ಒತ್ತಿದರು. ಉಬ್ಬಿ ಬಿಗಿದಿತ್ತು. ಹಲ್ಲು ಕಟಕಟ ಕಡಿಯುತ್ತಿತ್ತು. ಎಮ್ಮೆ ಎತ್ತುಗಳ ಬೇನೆ ಕಂಡ ಮನುಷ್ಯನಿಗೆ ಇದು ಸಾಯುವ ಲಕ್ಷಣವೆಂದು ತಿಳಿಯಿತು. ಮದ್ದು ಮಾತ್ರ ತಿಳಿದಿರಲಿಲ್ಲ. ಡಾಕ್ಟರರೂ ಆ ದಿನ ಊರಲ್ಲಿರಲಿಲ್ಲ. ಸಂಗವ್ವನದೆಂದು ಮನೆಯಲ್ಲಿ ಉಳಿದ ಜೀವ ಅದೊಂದೇ ಆಗಿತ್ತು. ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತು. ಮೊಲವನ್ನು ಮಾಲೆ ಸಮೇತ ಬುಟ್ಟಿಯಲ್ಲಿಟ್ಟುಕೊಂಡು ಮಗ್ಗದ ಮಠದತ್ತ ಧಾವಿಸಿದರು. ನಾವೆಲ್ಲ ಹಿಂದೆ ಹಿಂದೆ ಓಡಿದೆವು.

ಪೂಜ್ಯರು ಎಂದಿನಂತೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಯಾರದೋ ಮನೆಯ ಕಂಡಿಕೆ ಸುತ್ತಿಕೊಡುತ್ತಿದ್ದರು. ಫಕ್ಕೀರಪ್ಪನವರು ಬುಟ್ಟಿಯನ್ನು ಅವರ ಮುಂದೆ ಇಟ್ಟು, "ನೋಡ್ರಿ, ನಿಮ್ಮ ಭಕ್ತರು ಮಾಡಿದ ಪವಾಡ! ಮೂಕ ಪ್ರಾಣಿ ಸಾಯಾಕತ್ತೈತಿ, ಇವರು ಆರತಿ ಬೆಳಗ್ಯಾರ. ಉಪವಾಸ ಅಂತ, ಉಪವಾಸ! ನಿಮ್ಮ ಕೈಲೆ ಏನರ ಆಗತಿದ್ರ ಇದನ್ನ ಉಳಸ್ರಿ ನೋಡೂಣ!" ಎಂದು ಕೂಗಾಡಿದರು. ಕೊನೆಯ ಮಾತಿಗೆ ಅವರ ದನಿ ಒಡೆದುಹೋಯಿತು.

ಪೂಜ್ಯರು ಕಂಡಿಕೆಯನ್ನು ಬದಿಗಿಟ್ಟರು. ಮೊಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಮಾಲೆ ತೆಗೆದರು. ಆಮೇಲೆ ತಮ್ಮ ಕಾವಿ ಶಾಲಿನ ಸೆರಗನ್ನು ನೀರಿನಲ್ಲಿ ಅದ್ದಿ, ಅದರ ಹಣೆಯ ವಿಭೂತಿಯನ್ನು ಮೆಲ್ಲಗೆ ಒರೆಸಿ ತೆಗೆದರು. ಜೀವಮಾನವೆಲ್ಲ ಇತರರ ಹಣೆಗೆ ವಿಭೂತಿ ಹಚ್ಚಿದ ಕೈ ಅದು.

"ಏನ ಹಾಕತಿದ್ರಿ ಇದಕ್ಕ?" ಎಂದು ಕೇಳಿದರು.

ನಾನೇ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ಚಪಾತಿ, ಬೆಲ್ಲ, ಮಾದಲಿ.

"ನಿಮ್ಮ ಪ್ರೀತಿ ಖರೆ ಅಕ್ಕೋರ. ಆದ್ರ ಮೊಲದ ಹೊಟ್ಟಿ ಬೀಸೂಕಲ್ಲು ಇದ್ದಂಗ. ದಿನಾಲೂ ಹುಲ್ಲು ಬೀಳತಿರಬೇಕು, ಅದು ತಿರಗತಿರಬೇಕು. ಬೆಲ್ಲ ಹಾಕಿದ್ರ ಕಲ್ಲು ಹಿಡೀತೈತಿ."

ಪೂಜ್ಯರು ಪೂರ್ವಾಶ್ರಮದಲ್ಲಿ ಗುಡ್ಡದಲ್ಲಿ ಕುರಿ ಕಾಯ್ದವರೆಂದು ನಮಗೆ ಅಂದೇ ತಿಳಿದದ್ದು. ಅಂಗೈಯಿಂದ ಮೊಲದ ಹೊಟ್ಟೆಯನ್ನು ಮೆಲ್ಲಮೆಲ್ಲಗೆ ನೀವತೊಡಗಿದರು. ಹತ್ತಿಯ ಬತ್ತಿಯನ್ನು ನೀರಿನಲ್ಲಿ ತೋಯಿಸಿ ತುಟಿಯ ಅಂಚಿಗೆ ಹನಿ ಹನಿಯಾಗಿ ಇಳಿಸಿದರು. ಮಧ್ಯಾಹ್ನದ ಪೂಜೆಯ ಹೊತ್ತಾಯಿತೆಂದು ಭಕ್ತರು ನೆನಪಿಸಿದರೆ, "ಪೂಜಿನ ನಡದೈತಿ" ಎಂದರು.

ಅನಂತರ ಫಕ್ಕೀರಪ್ಪನವರತ್ತ ತಿರುಗಿ, "ಸಂಗವ್ವ ಹುಲ್ಲು ಎಲ್ಲಿಂದ ತರತಿದ್ಲು?" ಎಂದು ಕೇಳಿದರು.

ಗಂಡನಿಗೆ ತಿಳಿದಿರಲಿಲ್ಲ. ಸಂಗವ್ವನ ಜೊತೆ ಒಮ್ಮೆ ಹೋಗಿದ್ದ ನಾನು, "ನನಗ ಗೊತ್ತೈತ್ರಿ" ಎಂದೆ.

"ಅಕ್ಕೋರು ತೋರಸ್ತಾರ. ನೀವ ಹೋಗಿ ಕೊಯ್ಕೊಂಡು ಬರ್ರಿ."

ಬಣ್ಣ ಹಾಕುವವರು ನೂಲು ತೊಳೆಯುವ ಹಳ್ಳದ ಮೇಲ್ಗಡೆ, ನೀರು ತಿಳಿಯಾಗಿರುವ ಕಡೆ, ಕರಿಕೆ ಹುಲ್ಲಿನ ಒಂದು ಹಸಿರು ತುಂಡು ಇತ್ತು. ನಾನು ಅವರನ್ನು ಅಲ್ಲಿಗೆ ಕರೆದೊಯ್ದೆ. ದಿನವೂ ಹೊತ್ತು ತರುವುದೇಕೆಂದು ಸಂಗವ್ವ ತಮ್ಮ ಕುಡುಗೋಲನ್ನು ಅಲ್ಲಿಯ ಬೇವಿನ ಟೊಂಗೆಗೆ ಸಿಕ್ಕಿಸಿ ಬರುತ್ತಿದ್ದರು. ಅದು ಇನ್ನೂ ಅಲ್ಲೇ ಇತ್ತು, ಮಳೆಗೆ ತುಕ್ಕು ಹಿಡಿದಿತ್ತು. ಫಕ್ಕೀರಪ್ಪನವರು ಅದನ್ನು ಕೈಗೆ ತೆಗೆದುಕೊಂಡರು, ಹಿಡಿಕೆ ನೋಡಿದರು, ಹುಲ್ಲಿನಲ್ಲೇ ಕುಸಿದು ಕೂತರು. ಎರಡು ತಿಂಗಳಿಂದ ಬರದಿದ್ದ ಅಳು ಆಗ ಬಂತು. ನಾನು ಹಳ್ಳದ ಕಡೆ ಮುಖ ಮಾಡಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಹುಲ್ಲು ಕೊಯ್ಯುವ ಸದ್ದು ಕೇಳಿಸಿತು.

ಆದರೆ ಹುಲ್ಲು ತಂದರೂ ಅರಳಿ ತಿನ್ನಲಿಲ್ಲ. ಪೂಜ್ಯರು ಹಿಡಿದರು, ಒಲ್ಲೆ ಎಂದಿತು. ಫಕ್ಕೀರಪ್ಪನವರು ಹಿಡಿದರು, ಮುಖ ತಿರುಗಿಸಿತು.

"ಅಕಿ ಹೆಂಗ ಉಣಸತಿದ್ಲು?" ಎಂದರು ಪೂಜ್ಯರು.

"ಅಡಗಿಮನಿ ಗ್ವಾಡಿಗೆ ಬೆನ್ನ ಹಚ್ಚಿ ಉಣ್ಣಾಕ ಕುಂದರತಿದ್ಲರಿ. ಒಂದು ತುತ್ತು ತಾನು ಉಣ್ಣಾಕಿ, ಒಂದು ಎಳಿ ಹುಲ್ಲು ಅದಕ್ಕ ಹಿಡಿಯಾಕಿ" ಎಂದರು ಫಕ್ಕೀರಪ್ಪನವರು.

"ನೀ ಮನ್ಯಾಗ ಕುಂತು ಉಂಡು ಎಷ್ಟ ದಿನಾ ಆತಪ್ಪಾ?"

ಅಲ್ಲಿಯವರೆಗೂ ನೀವು ಎಂದು ಮಾತಾಡಿಸುತ್ತಿದ್ದವರು ಆಗ ನೀ ಎಂದರು.

ಪೂಜ್ಯರು ದಾಸೋಹದಿಂದ ಎರಡು ಜೋಳದ ರೊಟ್ಟಿ, ಹಸಿ ಮೆಂತ್ಯೆಸೊಪ್ಪು ತರಿಸಿ ಅವರ ಮುಂದಿಟ್ಟರು. ನಮ್ಮೆಲ್ಲರ ಕಡೆಗೂ ಒಮ್ಮೆ ನೋಡಿ ಹೇಳಿದರು. "ಉಪವಾಸ ಹಸದವರು ಮಾಡೂದು. ಇದಕ್ಕ ಹಸಿವ ಸತ್ತೈತಿ. ನಿನಗೂ ಅಷ್ಟ. ಕುಂತು ಉಣ್ಣು."

ಫಕ್ಕೀರಪ್ಪನವರು ಮಠದ ಮಣ್ಣಿನ ಗೋಡೆಗೆ ಬೆನ್ನು ಹಚ್ಚಿ ಕೂತರು. ಪೂಜ್ಯರು ಮೊಲವನ್ನು ಅವರ ಪಕ್ಕಕ್ಕೆ ಬಿಟ್ಟರು. ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ, ನೀರು ಕುಡಿದರು. ಎರಡನೆಯದು ಇಳಿಯಿತು. ಮೂರನೆಯ ತುತ್ತಿಗೆ ಅರಳಿಯ ಮೂಗು ಅಲ್ಲಾಡಿತು. ಅವರು ಹಿಡಿದ ಕರಿಕೆಯ ಎಳೆಯನ್ನು ಮೂಸಿತು, ಬಿಟ್ಟಿತು, ಮತ್ತೆ ಮೂಸಿತು. ಕೊನೆಗೆ ತುದಿ ಹಿಡಿದು ಮೆಲ್ಲತೊಡಗಿತು. ಇಡೀ ಮಠದಲ್ಲಿ ಕರಕರ ಎನ್ನುವ ಅದೊಂದೇ ಸಣ್ಣ ಸದ್ದು.

"ಇನ್ನೂ ಮುಗದಿಲ್ಲ" ಎಂದು ಪೂಜ್ಯರು ಅದನ್ನು ಮತ್ತೆ ತೊಡೆಗೆ ತೆಗೆದುಕೊಂಡರು. ಸಂಜೆಯವರೆಗೂ ಹೊಟ್ಟೆ ನೀವುತ್ತಲೇ ಕೂತರು. ದೀಪ ಹಚ್ಚುವ ಹೊತ್ತಿಗೆ ಅವರ ಕಾವಿ ಶಾಲಿನ ಮೇಲೆ ಮೆಣಸಿನಕಾಳಿನಂಥ ನಾಲ್ಕು ಹಿಕ್ಕೆ ಬಿದ್ದವು. ಅಪಚಾರವಾಯಿತೆಂದು ಹೆಂಗಸರು ತಂಬಿಗೆ ಹಿಡಿದು ಓಡಿಬಂದರು. ಪೂಜ್ಯರು ಕೈಯೆತ್ತಿ ತಡೆದು, ಬಾಯ್ತುಂಬ ನಕ್ಕರು. "ಬೀಸೂಕಲ್ಲು ತಿರಗಿತು! ಇನ್ನ ಆರತಿ ಮಾಡ್ರಿ ಬೇಕಾದ್ರ!" ಅವರು ಹಾಗೆ ದನಿಯೆತ್ತಿ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಫಕ್ಕೀರಪ್ಪನವರು ಅಂದು ಅವರ ಪಾದ ಮುಟ್ಟಿದರು. ಆಶೀರ್ವಾದಕ್ಕೆ ಬದಲು ಪೂಜ್ಯರು ತುಕ್ಕು ಹಿಡಿದ ಕುಡುಗೋಲನ್ನು ಅವರ ಕೈಗೆ ಕೊಟ್ಟರು. "ಮಸಗಲ್ಲಿಗೆ ಹಚ್ಚು. ನಾಳೆನೂ ಬೇಕಾಗ್ತೈತಿ."

ಅರಳಿ ಮುಂದೆ ನಾಲ್ಕು ವರ್ಷ ಬದುಕಿತು. ಫಕ್ಕೀರಪ್ಪನವರು ವಿಭೂತಿ ಹಚ್ಚುವ ಭಕ್ತರೇನೂ ಆಗಲಿಲ್ಲ. ಸಿಟ್ಟೂ ಹಾಗೇ ಇತ್ತು. ಆದರೆ ಮನೆಯ ಒಲೆ ಮತ್ತೆ ಹೊತ್ತಿತು. ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ನಾಲ್ಕು ದಿನದ ಮೇಲೆ ಅವರು ರೊಟ್ಟಿಯ ಗಂಟು ಹಿಡಿದು ಆ ಮನೆಗೆ ಹೋಗುತ್ತಿದ್ದರು. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ, ಸುಮ್ಮನೆ ಜೊತೆಗೆ ಕೂತು ಉಂಡು ಬರುತ್ತಿದ್ದರು.

ಹನ್ನೊಂದು ವರ್ಷದ ಮೇಲೆ, ಒಂದು ಮಾಘ ಮಾಸದಲ್ಲಿ ಪೂಜ್ಯರು ಲಿಂಗೈಕ್ಯರಾದರು. ಓಣಿಯ ಮಗ್ಗಗಳೆಲ್ಲ ನಿಂತವು. ಬೆಳಿಗ್ಗೆ ಎದ್ದರೆ ಕೇಳುವುದಕ್ಕೆ ಏನೂ ಇರಲಿಲ್ಲ. ನಾನು ಮೂರು ದಿನ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಫಕ್ಕೀರಪ್ಪನವರು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಗಂಟು.

"ನಂದು ಗುರುವಿನ ಉಪವಾಸರಿ, ಒಲ್ಲೆ" ಎಂದೆ.

"ಹಸಿವು ಐತೇನ್ರಿ ಅಕ್ಕೋರ?"

"ಇಲ್ಲ."

"ಮತ್ತ ಅದು ಉಪವಾಸ ಹೆಂಗಾತ್ರಿ?"

ಗೋಡೆಗೆ ಬೆನ್ನು ಹಚ್ಚಿ ಕೂತರು, ಗಂಟು ಬಿಚ್ಚಿದರು, ಒಂದು ರೊಟ್ಟಿ ನನ್ನ ಕಡೆ ಸರಿಸಿದರು, ತಾವು ಮೊದಲ ತುತ್ತು ಮುರಿದರು. ನಾನೂ ಕೂತೆ. ಆ ರೊಟ್ಟಿ ಗಂಟಲಲ್ಲಿ ಇಳಿಯಲು ಬಹಳ ಹೊತ್ತು ಹಿಡಿಯಿತು. ಇಳಿಯುವವರೆಗೂ ಅವರು ಎದ್ದು ಹೋಗಲಿಲ್ಲ.