ಏನೂ ಬರೆಯದವರು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠವಿತ್ತು. ಅಲ್ಲಿ ನಿರುಪಾದಪ್ಪ ಎಂಬ ಹಿರಿಯರಿದ್ದರು. ಸುತ್ತಲಿನ ಜನ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರ ಶಿಷ್ಯೆ ಶಾಲ್ಮಲಾ ಬಂದಳು. ಹುಡುಗಿಯಾಗಿದ್ದಾಗ ಅವರ ಬಳಿ ತತ್ವಪದ ಕಲಿತವಳು. ಹನ್ನೆರಡು ವರ್ಷದಿಂದ ಇತ್ತ ತಲೆ ಹಾಕಿರಲಿಲ್ಲ.

ಅಜ್ಜಾರು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು.

“ಮಾರಿ ಸಣ್ಣಾಗೇತಲ್ಲ ತಂಗಿ. ಏನಾತು?”

“ಒಂದು ಕೂಟ ಕಟ್ಟಿದ್ದೆ ಅಜ್ಜಾರ. ಮುರದು ಬಿತ್ತು.”

“ಎಲ್ಲಿ ಕಟ್ಟಿದ್ದಿ?”

ಅವಳು ಫೋನು ತೋರಿಸಿದಳು. “ಇದರಾಗ.”

ಅಜ್ಜಾರು ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿದರು. “ಇದರಾಗ ಎಷ್ಟ್ ಮಂದಿ ಹಿಡೀತಾರ?”

ಶಾಲ್ಮಲಾಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಕೂತು ಎಲ್ಲ ಹೇಳಿದಳು.

ಕಥೆ ಬರೆಯುವವರು, ಚಿತ್ರ ಬಿಡಿಸುವವರು, ಹಾಡು ಕಟ್ಟುವವರು ಒಂದೆಡೆ ಸೇರಲಿ ಎಂದು ಅಂತರ್ಜಾಲದಲ್ಲಿ ಅವಳೊಂದು ತಾಣ ತೆರೆದಿದ್ದಳು. ಅದಕ್ಕೆ ‘ಚಿತ್ತಾರ’ ಎಂದು ಹೆಸರು. ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೆಯ ವರ್ಷ ಒಬ್ಬೊಬ್ಬರಾಗಿ ಬಿಟ್ಟುಹೋದರು. ಹೋದ ತಿಂಗಳು ಅವಳೇ ಅದನ್ನು ಮುಚ್ಚಿದಳು.

“ಯಾಕ ಬಿಟ್ಟುಹೋದ್ರು?”

“ಬರಿಯೋರಿಗೆ ತಾಳ್ಮಿ ಇಲ್ಲರಿ. ಹಾಕಿದ ಕೂಡ್ಲೆ ಮೆಚ್ಚುಗಿ ಬರಬೇಕು ಅಂತಾರ.”

“ಮದಲಿನ ಎರಡ್ ವರ್ಷ ತಾಳ್ಮಿ ಇತ್ತೇನು?”

ಹಾಗೆ ಶಾಲ್ಮಲಾ ಯೋಚಿಸಿರಲಿಲ್ಲ.

“ಎಲ್ಲಾರೂ ಬರಿಯೋರ ಇದ್ರೇನು?”

“ಇಲ್ಲ. ಏನೂ ಬರೀದವರೂ ಇದ್ರು. ಸಾವಿರದ ನೂರು ಮಂದಿ. ಬರೇ ಕಲಾವಿದರ ಕೂಟ ಆಗಲಿ ಅಂತ ಎರಡ್ ವರ್ಷ ಆದಮ್ಯಾಲ ಅವರನ್ನ ತೆಗೆದೆ. ಆರು ತಿಂಗಳು ಏನೂ ಹಾಕದಿದ್ರ ಹೆಸರು ತಾನ ಹೋಗೂ ಹಂಗ ನೇಮ ಮಾಡಿದ್ದೆ.”

“ಅವರು ಏನ್ ಮಾಡತಿದ್ರು?”

“ಏನೂ ಇಲ್ಲರಿ. ಬರತಿದ್ರು, ಓದತಿದ್ರು, ಹೋಗತಿದ್ರು.”

“ದಿನಾ?”

“ಕೆಲವರು ದಿನಾ.”

“ಯಾಕ ಬರತಿದ್ರು?”

“ಗೊತ್ತಿಲ್ಲರಿ.”

ಅಜ್ಜಾರು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. “ಸಂಜಿ ಭಜನಿಗೆ ಇರು,” ಎಂದರು.

ಸಂಜೆ ಹದಿನೇಳು ಮಂದಿ ಸೇರಿದರು. ಹಾಡುಗಾರ ಫಕೀರಪ್ಪ ಏಕತಾರಿ ಶ್ರುತಿ ಮಾಡುತ್ತಿದ್ದ. ಅಜ್ಜಾರು ಎದ್ದು ನಿಂತರು.

“ಇವತ್ತ ಪದ ಹೇಳೋರು ಅಷ್ಟ ಒಳಗ ಇರ್ರಿ. ಸುಮ್ನ ಕೇಳೋರು ಹೊರಗ ನಡೀರಿ.”

ಜನ ಮುಖ ಮುಖ ನೋಡಿಕೊಂಡರು. ಅಜ್ಜಾರ ಮಾತು ಮೀರುವಂತಿಲ್ಲ. ಹದಿಮೂರು ಮಂದಿ ಒಬ್ಬರ ಹಿಂದೊಬ್ಬರು ಎದ್ದು ಹೋದರು. ಒಳಗೆ ನಾಲ್ವರು ಹಾಡುಗಾರರು ಮತ್ತು ಶಾಲ್ಮಲಾ ಉಳಿದರು.

ಫಕೀರಪ್ಪ ಪದ ಎತ್ತಿದ. ದಮ್ಮಡಿ ಬಾರಿಸುವವನು ಅದರ ಚರ್ಮ ಒತ್ತಿ ನೋಡುತ್ತಿದ್ದ. ಇನ್ನೊಬ್ಬ ಕಣ್ಣು ಮುಚ್ಚಿ ತನ್ನ ಪದದ ಸಾಲು ನೆನೆಯುತ್ತಿದ್ದ. ಶಾಲ್ಮಲಾ ತನ್ನ ಸರದಿಗೆ ಗಂಟಲು ಸರಿಮಾಡಿಕೊಂಡಳು. ಒಂದು ನುಡಿಯನ್ನು ಮೂರು ಮೂರು ಸಲ ಹೇಳುವ ಫಕೀರಪ್ಪ ಅವತ್ತು ಒಂದೇ ಸಲ ಹೇಳಿ ಏಕತಾರಿ ಕೆಳಗಿಟ್ಟ.

ಶಾಲ್ಮಲಾ ಹಾಡಿದಳು. ಪಲ್ಲವಿಗೆ ಬಂದು ನಿಂತಳು. ಯಾರೂ ದನಿಗೂಡಿಸಲಿಲ್ಲ. ತಾನೇ ಮತ್ತೊಮ್ಮೆ ಹೇಳಿ ಹೇಗೋ ಮುಗಿಸಿದಳು.

“ಫಕೀರಪ್ಪ ಏನ್ ಹಾಡಿದ?” ಅಜ್ಜಾರು ಕೇಳಿದರು.

ಅವಳಿಗೆ ಒಂದು ಸಾಲೂ ನೆನಪಿರಲಿಲ್ಲ.

ಎದ್ದು ಹೊರಗೆ ಬಂದಳು. ಹದಿಮೂರು ಮಂದಿಯೂ ಮೆಟ್ಟಿಲ ಮೇಲೆಯೇ ಕೂತಿದ್ದರು. ಒಬ್ಬರೂ ಮನೆಗೆ ಹೋಗಿರಲಿಲ್ಲ. ಕಾಶವ್ವ ಎಂಬ ಮುದುಕಿ ಅವಳ ಸೆರಗು ಹಿಡಿದಳು.

“ನಾವೇನ್ ತಪ್ಪ್ ಮಾಡೀವಿ ಬೇ?”

ಶಾಲ್ಮಲಾ ಆ ಮುದುಕಿಯ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು.

ಬಾಗಿಲಲ್ಲಿ ಅಜ್ಜಾರು ಕೈ ಮುಗಿದು ನಿಂತಿದ್ದರು. “ತಪ್ಪು ನಂದು ಕಾಶವ್ವ. ಎಲ್ಲಾರೂ ಒಳಗ ಬರ್ರಿ.”

ಫಕೀರಪ್ಪ ಅದೇ ಪದವನ್ನು ಮೊದಲಿಂದ ಎತ್ತಿಕೊಂಡ. ಈ ಸಲ ಶಾಲ್ಮಲಾ ಹಾಡಲಿಲ್ಲ. ಕಾಶವ್ವನ ಬಳಿ ಗೋಡೆಗೆ ಒರಗಿ ಕೂತಳು. ಎರಡನೆಯ ನುಡಿಗೆ ಕಾಶವ್ವ “ಆಹಾ” ಎಂದಳು. ಫಕೀರಪ್ಪ ಆ ನುಡಿಯನ್ನು ಬಿಡಲೇ ಇಲ್ಲ.

ಬೆಳಿಗ್ಗೆ ಶಾಲ್ಮಲಾ ಫೋನಿನಲ್ಲಿ ಹಳೆಯ ಪಟ್ಟಿ ತೆರೆದಳು. ತಾನು ತೆಗೆದುಹಾಕಿದ ಹೆಸರುಗಳನ್ನು ಮೊದಲ ಬಾರಿಗೆ ಒಂದೊಂದಾಗಿ ಓದಿದಳು. ಒಂದು ಹೆಸರಿಗೆ ನಿಂತಳು: ಹುಸೇನಸಾಬ, ಗಡಿಯಾರ ರಿಪೇರಿ, ಇಳಕಲ್ಲು. ಹೆಸರು ಹೋದ ದಿನವೇ ಅವನೊಂದು ಪತ್ರ ಕಳಿಸಿದ್ದ, ಕೆಳಗೆ ನಂಬರೂ ಬರೆದಿದ್ದ. ಅವಳು ಉತ್ತರಿಸಿರಲಿಲ್ಲ.

ಅಜ್ಜಾರ ಎದುರೇ ಕೂತು, ಅವರಿಗೂ ಕೇಳುವಂತೆ ಫೋನು ಹಚ್ಚಿದಳು. ತಾನು ಯಾರೆಂದು ಹೇಳಿದಳು.

“ಅಯ್ಯ ಅಕ್ಕಾರ!” ಆ ಕಡೆಯ ದನಿ ಅರಳಿತು. “ನಾನ ಏನರ ತಪ್ಪು ಒತ್ತಿದೆ ಅನ್ಕೊಂಡಿದ್ನಿರಿ. ದಿನಾ ಅಂಗಡಿ ತೆಗೆದು ಒಂದು ಕತಿ ಓದಿದಮ್ಯಾಲ ಕೆಲಸಕ್ಕ ಕೂಡತಿದ್ದೆ. ಒಂದಿನ ಕತಿ ಅರ್ಧಾ ಓದಿ ಇಟ್ಟಿದ್ದೆ, ಮರುದಿನ ಚಿತ್ತಾರದ ಬಾಗಿಲಾನ ತೆರೀಲಿಲ್ಲ.”

ಶಾಲ್ಮಲಾ ಫೋನಿಗೆ ಅಂಗೈ ಮುಚ್ಚಿ ಅಜ್ಜಾರ ಕಡೆ ತಿರುಗಿದಳು.

“ಏನ್ ಹೇಳ್ಲಿ ಅಜ್ಜಾರ?”

ಅಜ್ಜಾರು ಹತ್ತಿರ ಸರಿದು ಕೂತರು.

“ಹೇಳೂದು ಆಮ್ಯಾಲಿಂದು. ಯಾವ ಕತಿ ಓದೂದು ಅರ್ಧಕ್ಕ ನಿಂತಿತ್ತು, ಕೇಳು.”