ಕುಡುಗೋಲಿನ ನವಿಲು

"ಗುರುಗಳೇ, ಒಂದು ವಸ್ತುವನ್ನು ನನ್ನದು ಎನ್ನಲು ಯಾರಿಗೆ ಹಕ್ಕು? ಹುಟ್ಟಿನಿಂದ ಪಡೆದವರಿಗೋ, ಇಷ್ಟು ದಿನ ಇಟ್ಟುಕೊಂಡು ನಡೆಸಿದವರಿಗೋ?" ಎಂದು ಶಿಷ್ಯ ಕೇಳಿದ. ಗುರುಗಳು ಕತೆ ಹೇಳಿದರು.

ಒಬ್ಬ ಕಮ್ಮಾರನಿದ್ದ. ಅವನ ಕುಡುಗೋಲಿಗೆ ನವಿಲಿನ ಅಚ್ಚು. ಹೊಸ ಅಲಗನ್ನು ಕಲ್ಲಿಗೆ ಬೀಸಿ ಹೊಡೆಯುವನು. ತಡೆದುಕೊಂಡರೆ ಮಾತ್ರ ಹಿಡಿಯ ಬಳಿ ನವಿಲನ್ನು ಒತ್ತುವನು, ಇಲ್ಲವಾದರೆ ಮತ್ತೆ ಕುಲುಮೆಗೆ. ಜನ ಕಣ್ಣು ಮುಚ್ಚಿ ನವಿಲನ್ನು ಕೊಳ್ಳುತ್ತಿದ್ದರು. ಸಾಯುವ ಮುಂಚೆ ಅವನು ಅಚ್ಚನ್ನು ತಮ್ಮನ ಕೈಯಲ್ಲಿಟ್ಟ. ಇದು ನನ್ನ ಮಗಳ ಆಸ್ತಿ, ಅವಳು ದೊಡ್ಡವಳಾಗುವವರೆಗೆ ನಿನ್ನದು ಕಾವಲು ಮಾತ್ರ ಎಂದ. ತಮ್ಮ ತಲೆಯಾಡಿಸಿದ. ತಲೆಯಾಡಿಸಲು ಯಾರಿಗೆ ತಾನೇ ಕಷ್ಟ?

ಹುಡುಗಿ ಚಿಕ್ಕಪ್ಪನ ಕುಲುಮೆಯಲ್ಲೇ ಸುತ್ತಿಗೆ ಹಿಡಿದು ಬೆಳೆದಳು. ಚಿಕ್ಕಪ್ಪ ಮಾತ್ರ ಕಲ್ಲಿನ ತಂಟೆಗೇ ಹೋಗುತ್ತಿರಲಿಲ್ಲ. ನವಿಲೊಂದಿದ್ದರೆ ಎಂಥ ಕುಡುಗೋಲೂ ಮಾರಾಟವಾಗುತ್ತಿತ್ತು. ಅಪ್ಪನ ಹೆಸರು ಹಾಳಾಗುವುದನ್ನು ಅವಳಿಂದ ನೋಡಲಾಗಲಿಲ್ಲ. ಅಚ್ಚನ್ನು ಕೊಡು ಎಂದಳು. ಇಷ್ಟು ವರ್ಷ ನಡೆಸಿದವನು ನಾನು, ಅಚ್ಚು ನನ್ನದೇ ಎಂದ ಅವನು. ಅವಳು ಜಗ್ಗಲಿಲ್ಲ. ಊರ ಹಿರಿಯರನ್ನು ಕೂಡಿಸಿದಳು.

ಹಿರಿಯರು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡ ಕೂಲಿಯವನೊಬ್ಬ ಬಂದ. ರಾಗಿ ಕೊಯ್ಯುವಾಗ ಅಲಗು ಮುರಿದು ಅವನ ಎರಡು ಬೆರಳು ಹೋಗಿದ್ದವು. ಮುರಿದ ಕುಡುಗೋಲನ್ನು ಎಲ್ಲರ ನಡುವೆ ಇಟ್ಟ.

"ಈ ನವಿಲನ್ನು ನಂಬಿ ಕೊಂಡೆ. ಇದು ಯಾರದು?"

ಚಿಕ್ಕಪ್ಪನ ನಾಲಿಗೆ ಥಟ್ಟನೆ ಹೊರಳಿತು. ಅಚ್ಚು ಅಣ್ಣನ ಮಗಳದು, ನಾನು ಬರೀ ಕಾವಲಿನವನು ಎಂದುಬಿಟ್ಟ.

ಅವಳು ಕೇಳಲು ಬಂದಿದ್ದ ಮಾತು ಅದೇ. ಈಗ ಅದನ್ನು ಒಪ್ಪಲು ಭಯವಾಯಿತು. ಈ ಅಲಗನ್ನು ಬಡಿದವಳು ಅವಳಲ್ಲ, ಮಾರಿದವಳೂ ಅಲ್ಲ. ಹಾಗೆಂದು ಹೇಳಿ ಎದ್ದುಹೋಗಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವಳು ಮುರಿದ ತುಂಡನ್ನು ಎತ್ತಿಕೊಂಡಳು.

"ನವಿಲು ನನ್ನದು. ಹಾಗಾಗಿ ಈ ಗಾಯವೂ ನನ್ನದು. ನಿನ್ನ ಮನೆಯ ಊಟ ಇನ್ನು ನನ್ನ ಕುಲುಮೆಯ ಹೊಣೆ. ಊರಿನಲ್ಲಿರುವ ನವಿಲುಗಳನ್ನೆಲ್ಲ ವಾಪಸು ತನ್ನಿ, ಕಲ್ಲಿಗೆ ಹೊಡೆದು ನೋಡಿ ಕೊಡುತ್ತೇನೆ. ಚಿಕ್ಕಪ್ಪನನ್ನು ಆಮೇಲೆ ನಾನೇ ವಿಚಾರಿಸಿಕೊಳ್ಳುತ್ತೇನೆ."

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಶಿಷ್ಯ, ಹಿರಿಯರು ಕೊನೆಗೆ ಏನು ತೀರ್ಪು ಕೊಟ್ಟರು ಎಂದು ಕೇಳಿದ.

"ಅವಳು ಅಷ್ಟು ಹೇಳಿದ ಮೇಲೂ ನಿನಗೆ ತೀರ್ಪು ಬೇಕೇ?"